25 ಅಂಕಗಳ ಷರತ್ತು

2023ರ ಅಕ್ಟೋಬರ್ 21ರ ಸಂಜೆ ಅಮೆರಿಕದ ಅಯೋವಾ ಸಿಟಿಯ ಕಿನ್ನಿಕ್ ಕ್ರೀಡಾಂಗಣದಿಂದ ಹೊರಬಂದ ಜನರಲ್ಲಿ ಎರಡು ಬಗೆಯ ಸಿಟ್ಟಿತ್ತು. ಮಿನೆಸೋಟಾ ವಿರುದ್ಧ ಅಯೋವಾ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡ 12–10ರಿಂದ ಸೋತಿತ್ತು. ಆಟ ಮುಗಿಯಲು ಒಂದೂವರೆ ನಿಮಿಷವೂ ಉಳಿದಿರದಿದ್ದಾಗ ಕೂಪರ್ ಡಿಜೀನ್ ಎದುರಾಳಿಯ ಪಂಟ್ ಅನ್ನು (ದೂರಕ್ಕೆ ಒದ್ದ ಚೆಂಡನ್ನು) ಹಿಡಿದು 54 ಯಾರ್ಡ್ ಓಡಿ ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೋಲಿನವರೆಗೆ ಒಯ್ದು ಪಡೆಯುವ ಅಂಕ) ಗಳಿಸಿದ್ದರು. ಚೆಂಡು ಹಿಡಿಯುವ ಮುನ್ನ ಅವರು ಕೈ ಬೀಸಿದ್ದು ನಿಯಮಬಾಹಿರ ಸಂಜ್ಞೆಯೆಂದು ವೀಡಿಯೊ ಪರಿಶೀಲನೆಯ ನಂತರ ತೀರ್ಪುಗಾರರು ಆ ಅಂಕಗಳನ್ನು ರದ್ದು ಮಾಡಿದರು. ನನ್ನ ಜೊತೆಗಿದ್ದ ನೆರೆಮನೆಯ ಹಿರಿಯರು, ನಿವೃತ್ತ ಶಾಲಾ ಶಿಕ್ಷಕರು, ಕಾರು ನಿಲ್ಲಿಸಿದ್ದ ಜಾಗದವರೆಗೂ ತೀರ್ಪುಗಾರರ ಬಗ್ಗೆಯೇ ಮಾತನಾಡಿದರು. ನನ್ನ ಸಹೋದ್ಯೋಗಿಯ ವಾದ ಬೇರೆಯಾಗಿತ್ತು. ತೀರ್ಪು ಬಂದ ಮೇಲೂ ಚೆಂಡು ನಮ್ಮ ಕೈಯಲ್ಲಿಯೇ ಇತ್ತು, ಗೆಲ್ಲಲು ಒಂದು ಫೀಲ್ಡ್ ಗೋಲ್ (ಗೋಲ್ ಕಂಬಗಳ ನಡುವೆ ಚೆಂಡನ್ನು ಒದ್ದು ಗಳಿಸುವ 3 ಅಂಕ) ಸಾಕಾಗಿತ್ತು. ಇಡೀ ದ್ವಿತೀಯಾರ್ಧದಲ್ಲಿ ಮುಂದೆ ಸಾಗಲಾರದ ಆಫೆನ್ಸ್ (ಚೆಂಡು ನಮ್ಮದಾಗಿದ್ದಾಗ ಆಡುವ ಆಟಗಾರರ ಪಡೆ) ಆ ಕೊನೆಯ ಅವಕಾಶದಲ್ಲಿಯೂ ಸಾಗಲಿಲ್ಲ, ಹಾಗಾದರೆ ಸೋಲಿನ ಹೊಣೆ ಯಾರದು ಎಂದು ಅವರು ಕೇಳಿದರು. ಅವರ ಮಾತಿನಲ್ಲಿ ಸತ್ಯವಿದೆ ಎಂದು ನನಗೆ ಅಂದೇ ಅನ್ನಿಸಿತ್ತು. ಆದರೆ ಆ ಹೊಣೆಯನ್ನು ಆಫೆನ್ಸ್‌ನ ತರಬೇತುದಾರ ಬ್ರಯನ್ ಫೆರೆಂಟ್ಸ್ ಎಂಬ ಒಬ್ಬ ವ್ಯಕ್ತಿಯ ಹೆಗಲಿಗೆ ಹೊರಿಸಿದ ರೀತಿಯನ್ನು ಅಂದೂ ನಾನು ಒಪ್ಪಿರಲಿಲ್ಲ, ಇಂದೂ ಒಪ್ಪುವುದಿಲ್ಲ.

ಈ ಆಟದ ಪರಿಚಯವಿಲ್ಲದ ಓದುಗರಿಗಾಗಿ ಸ್ವಲ್ಪ ವಿವರಣೆ ಅಗತ್ಯ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡನ್ನು ಹೊಂದಿರುವ ತಂಡ ನಾಲ್ಕು ಯತ್ನಗಳೊಳಗೆ 10 ಯಾರ್ಡ್ ಮುಂದೆ ಸಾಗಬೇಕು. ಸಾಗಿದರೆ ಮತ್ತೆ ನಾಲ್ಕು ಯತ್ನಗಳು ದೊರೆಯುತ್ತವೆ. ಪ್ರತಿ ಯತ್ನಕ್ಕೂ ಮುನ್ನ, ಚೆಂಡನ್ನು ಎತ್ತಿಕೊಂಡು ಓಡುವುದೋ ಎಸೆಯುವುದೋ, ಯಾರ ಕಡೆಗೆ, ಯಾವ ವ್ಯೂಹದಿಂದ ಎಂಬುದನ್ನು ಆಫೆನ್ಸಿವ್ ಕೋಆರ್ಡಿನೇಟರ್ ಎಂಬ ತರಬೇತುದಾರರು ತೀರ್ಮಾನಿಸಿ ಆಟಗಾರರಿಗೆ ತಿಳಿಸುತ್ತಾರೆ. ಒಂದೊಂದು ಯತ್ನದ ಯೋಜನೆಯನ್ನು ಪ್ಲೇ ಎನ್ನುತ್ತಾರೆ, ಅದನ್ನು ಹೀಗೆ ಆರಿಸುವುದನ್ನು ಪ್ಲೇ-ಕಾಲಿಂಗ್ ಎನ್ನುತ್ತಾರೆ. ಕಬಡ್ಡಿ ನೋಡಿದವರಿಗೆ ಒಂದು ವ್ಯತ್ಯಾಸ ಹೇಳಿದರೆ ವಿಷಯ ಬೇಗ ತಿಳಿಯುತ್ತದೆ. ಪ್ರೊ ಕಬಡ್ಡಿಯಲ್ಲಿ ಸತತ ಎರಡು ರೇಡ್‌ಗಳು ಖಾಲಿಯಾದರೆ ಮೂರನೆಯದು ಡು ಆರ್ ಡೈ ರೇಡ್. ಅಂಕ ತರದೆ ಬಂದರೆ ರೇಡರ್ ಔಟ್. ಇಲ್ಲಿ ಅಂತಹ ಬಲವಂತವಿಲ್ಲ. ಮೂರು ಯತ್ನಗಳು ವಿಫಲವಾದರೆ ನಾಲ್ಕನೆಯದರಲ್ಲಿ ಚೆಂಡನ್ನು ದೂರಕ್ಕೆ ಒದ್ದು, ಅಂದರೆ ಪಂಟ್ ಮಾಡಿ, ಎದುರಾಳಿ ತನ್ನ ಗೋಲಿನ ಹತ್ತಿರದಿಂದ ಆಟ ಆರಂಭಿಸುವಂತೆ ಮಾಡಬಹುದು. ಅಯೋವಾದ ಎಲ್ಲ ವಾದಗಳೂ ಕೊನೆಗೆ ಬಂದು ನಿಲ್ಲುವುದು ಈ ನಾಲ್ಕನೆಯ ಯತ್ನದ ಬಳಿಯಲ್ಲಿಯೇ.

ಕರ್ಕ್ ಫೆರೆಂಟ್ಸ್ 1999ರಿಂದ ಇಲ್ಲಿ ಮುಖ್ಯ ತರಬೇತುದಾರರಾಗಿದ್ದಾರೆ. ಅದಕ್ಕೂ ಮೊದಲು, 1980ರ ದಶಕದಲ್ಲಿ, ಹೇಡನ್ ಫ್ರೈ ಅವರ ಕೈಕೆಳಗೆ ಇದೇ ತಂಡದ ಆಫೆನ್ಸಿವ್ ಲೈನ್‌ಗೆ (ಚೆಂಡು ಹಿಡಿದವನನ್ನು ರಕ್ಷಿಸುವ ಮುಂಚೂಣಿಯ ಐವರಿಗೆ) ತರಬೇತಿ ನೀಡಿದವರು. ತಪ್ಪು ಮಾಡಬಾರದು, ಚೆಂಡನ್ನು ಕಳೆದುಕೊಳ್ಳಬಾರದು, ಮೈದಾನದ ನೆಲವನ್ನು ಗೆಲ್ಲುತ್ತಾ ಎದುರಾಳಿ ತಪ್ಪು ಮಾಡುವವರೆಗೆ ಕಾಯಬೇಕು ಎಂಬುದು ಅವರ ಆಟದ ತಿರುಳು. ಅವರ ಮಗ ಬ್ರಯನ್ ಫೆರೆಂಟ್ಸ್ 2017ರಲ್ಲಿ ಆಫೆನ್ಸಿವ್ ಕೋಆರ್ಡಿನೇಟರ್ ಆದರು. ಬಂಧುಗಳ ನೇಮಕಾತಿಯ ನಿಯಮದಿಂದಾಗಿ ಅವರು ಕಾಗದದ ಮೇಲೆ ತಂದೆಗಲ್ಲ, ವಿಶ್ವವಿದ್ಯಾಲಯದ ಕ್ರೀಡಾ ನಿರ್ದೇಶಕರಿಗೆ ಉತ್ತರದಾಯಿಯಾಗಿದ್ದರು. ತಂದೆ ಮಗನನ್ನು ಕೆಲಸದಿಂದ ತೆಗೆಯಲಾರರು ಎಂಬ ಭಾವನೆ ಅಭಿಮಾನಿಗಳ ಸಿಟ್ಟಿನ ಅರ್ಧ ಭಾಗವಾಗಿತ್ತು, ಅದು ಸಹಜವೂ ಹೌದು.

ಬ್ರಯನ್ ಅವರಿಗೆ ಆಟ ತಿಳಿಯದು ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. 2017ರ ನವೆಂಬರ್ 4ರಂದು ಇದೇ ಕಿನ್ನಿಕ್‌ನಲ್ಲಿ ಅಯೋವಾ ತಂಡ ಓಹಾಯೊ ಸ್ಟೇಟ್ ತಂಡವನ್ನು 55–24ರಿಂದ ಸೋಲಿಸಿದ್ದನ್ನು ನೋಡಿದವರು ಮರೆಯಲಾರರು. ಫೀಲ್ಡ್ ಗೋಲ್ ಒದೆಯುವಂತೆ ನಟಿಸಿ ಆಟಗಾರರನ್ನು ಮೈದಾನದ ಅಗಲಕ್ಕೆ ಹರಡಿ ಚೆಂಡನ್ನು ಎಸೆದ ಆ ದಿನದ ಧೈರ್ಯ ಅದೇ ತಂದೆ-ಮಗನದು. 2018ರಲ್ಲಿ ಟಿ. ಜೆ. ಹಾಕೆನ್ಸನ್ ಮತ್ತು ನೋವಾ ಫ್ಯಾಂಟ್ ಎಂಬ ಇಬ್ಬರು ಟೈಟ್ ಎಂಡ್‌ಗಳು (ಎಸೆತ ಹಿಡಿಯುವ, ಓಟಗಾರರಿಗೆ ದಾರಿಯನ್ನೂ ಮಾಡಿಕೊಡುವ ಆಟಗಾರರು) ಈ ಆಫೆನ್ಸ್‌ನಲ್ಲಿ ಆಡಿದರು. ಮರುವರ್ಷ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ತಂಡಗಳು ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿಯೇ ಇಬ್ಬರೂ ಆಯ್ಕೆಯಾದರು. ಆಟಗಾರರಿದ್ದಾಗ ಅದೇ ಪುಸ್ತಕದ ಪ್ಲೇಗಳು ಜಾಣತನವಾಗಿ ಕಾಣುತ್ತವೆ, ಇಲ್ಲದಾಗ ಮೊಂಡುತನವಾಗಿ ಕಾಣುತ್ತವೆ.

2022ರ ಹೊತ್ತಿಗೆ ಆಟ ಮೊಂಡುತನವಾಗಿಯೇ ಕಾಣತೊಡಗಿತ್ತು. ಆ ವರ್ಷದ ಮೊದಲ ಪಂದ್ಯದಲ್ಲಿ ಕೆಳ ಹಂತದ ವಿಭಾಗದ ಸೌತ್ ಡಕೋಟಾ ಸ್ಟೇಟ್ ತಂಡವನ್ನು ಅಯೋವಾ 7–3ರಿಂದ ಸೋಲಿಸಿತು. 7 ಅಂಕ ಎಂದರೆ ಒಂದು ಟಚ್‌ಡೌನ್ ಇರಬೇಕೆಂದು ಯಾರಾದರೂ ಭಾವಿಸುತ್ತಾರೆ. ಇರಲಿಲ್ಲ. ಒಂದು ಫೀಲ್ಡ್ ಗೋಲ್‌ನಿಂದ 3, ಡಿಫೆನ್ಸ್ (ಚೆಂಡು ಎದುರಾಳಿಯದಾಗಿದ್ದಾಗ ತಡೆಯುವ ಪಡೆ) ಎದುರಾಳಿಯನ್ನು ಅವರದೇ ಗೋಲಿನೊಳಗೆ ಎರಡು ಬಾರಿ ಕೆಡವಿ ಗಳಿಸಿದ ಸೇಫ್ಟಿಗಳಿಂದ 4. ಆ ದಿನ ತಂಡದ ಪಂಟರ್ ಟೋರಿ ಟೇಲರ್ 10 ಬಾರಿ ಪಂಟ್ ಮಾಡಿದರು. ಋತು ಮುಗಿದಾಗ ಅಯೋವಾ ಪಂದ್ಯಕ್ಕೆ ಸರಾಸರಿ 17.7 ಅಂಕ ಗಳಿಸಿತ್ತು. ತರಬೇತುದಾರ ಫಿಲ್ ಪಾರ್ಕರ್ ಅವರ ಡಿಫೆನ್ಸ್ ಬಿಟ್ಟುಕೊಟ್ಟದ್ದು ಕೇವಲ 13.3. ಒಂದು ಕಡೆ ದೇಶದ ಅತ್ಯುತ್ತಮ ಡಿಫೆನ್ಸ್‌ಗಳಲ್ಲೊಂದು, ಇನ್ನೊಂದು ಕಡೆ ಗಳಿಸಿದ ಯಾರ್ಡ್‌ಗಳ ಪಟ್ಟಿಯಲ್ಲಿ ಬಹುತೇಕ ಕೊನೆಯ ಸ್ಥಾನದ ಆಫೆನ್ಸ್. ಇವೆರಡೂ ಒಂದೇ ಅಂಗಿ ತೊಟ್ಟಿದ್ದವು.

ಆಗ ಬಂದದ್ದೇ ಆ ಪ್ರಸಿದ್ಧ ಷರತ್ತು. 2023ರ ಫೆಬ್ರವರಿಯಲ್ಲಿ ಬ್ರಯನ್ ಅವರ ಒಪ್ಪಂದವನ್ನು ತಿದ್ದಲಾಯಿತು. ವಾರ್ಷಿಕ ವೇತನ 9 ಲಕ್ಷ ಡಾಲರ್‌ನಿಂದ 8.5 ಲಕ್ಷಕ್ಕೆ ಇಳಿಯಿತು. ತಂಡ ಕನಿಷ್ಠ 7 ಪಂದ್ಯಗಳನ್ನು ಗೆದ್ದು ಪಂದ್ಯಕ್ಕೆ ಸರಾಸರಿ 25 ಅಂಕ ಗಳಿಸದಿದ್ದರೆ ಒಪ್ಪಂದ ಮುಂದುವರಿಯದು ಎಂದು ಬರೆಯಲಾಯಿತು. ಅಂದಿನಿಂದ ನಮ್ಮ ಊರಿನ ಫುಟ್‌ಬಾಲ್ ಮಾತುಕತೆಯ ಸ್ವರೂಪವೇ ಬದಲಾಯಿತು. ಇಂಟರ್‌ಸ್ಟೇಟ್ 380ರಲ್ಲಿ ಸೀಡರ್ ರ‍್ಯಾಪಿಡ್ಸ್‌ಗೆ ಕೆಲಸಕ್ಕೆ ಹೋಗುವ ನಮ್ಮ ಕಾರಿನಲ್ಲಿ ಸೋಮವಾರ ಬೆಳಿಗ್ಗೆ ಮೊದಲು ಕೇಳುತ್ತಿದ್ದ ಪ್ರಶ್ನೆ ಗೆದ್ದೆವೇ ಎಂಬುದಾಗಿರಲಿಲ್ಲ, ಸರಾಸರಿ ಎಷ್ಟಾಯಿತು ಎಂಬುದಾಗಿತ್ತು. ಮೊದಲ ಪಂದ್ಯದಲ್ಲಿ ಯೂಟಾ ಸ್ಟೇಟ್ ವಿರುದ್ಧ 24 ಅಂಕ ಬಂದಾಗ ಒಂದು ಕಡಿಮೆಯಾಯಿತೆಂದು ಕೊರಗಿದವರಿದ್ದರು. ಗೆದ್ದ ಪಂದ್ಯದ ಮಾರನೆಯ ದಿನ ಅಂತಹ ಕೊರಗು ಕೇಳುವುದು ನನಗೆ ನಿಜಕ್ಕೂ ನೋವಿನ ಸಂಗತಿಯಾಗಿತ್ತು.

ಆ ಷರತ್ತಿನ ದೊಡ್ಡ ದೋಷವೆಂದರೆ, ಅದು ಅಳೆಯಬೇಕಾದದ್ದನ್ನು ಅಳೆಯುತ್ತಿರಲಿಲ್ಲ. ಡಿಫೆನ್ಸ್ ಗಳಿಸಿದ ಅಂಕಗಳೂ ಪಂಟ್ ಹಿಡಿದು ಓಡಿ ಗಳಿಸಿದ ಅಂಕಗಳೂ ಆ ಲೆಕ್ಕಕ್ಕೆ ಸೇರುತ್ತಿದ್ದವು. ಮಿಷಿಗನ್ ಸ್ಟೇಟ್ ವಿರುದ್ಧ ಗಳಿಸಿದ 26 ಅಂಕಗಳಲ್ಲಿ ಡಿಜೀನ್ ಅವರು 70 ಯಾರ್ಡ್ ಓಡಿ ಗಳಿಸಿದ ಪಂಟ್ ರಿಟರ್ನ್ ಟಚ್‌ಡೌನ್ ಕೂಡ ಸೇರಿತ್ತು. ಅದಕ್ಕೂ ಪ್ಲೇ-ಕಾಲಿಂಗ್‌ಗೂ ಏನು ಸಂಬಂಧ? ಇನ್ನೊಂದು ವಿಷಯವನ್ನು ಅಭಿಮಾನಿಗಳು ಹೆಚ್ಚಾಗಿ ಗಮನಿಸಲಿಲ್ಲ. ಅಯೋವಾ ಸಾವಧಾನದ ತಂಡ; ಪ್ರತಿ ಪ್ಲೇಗೆ ಇರುವ ಗಡಿಯಾರ ಕೊನೆಯ ಕ್ಷಣಗಳಿಗೆ ಬರುವವರೆಗೂ ಕಾದು ಪ್ಲೇ ಆರಂಭಿಸುತ್ತದೆ. ಹೀಗೆ ಆಡಿದಾಗ ಪಂದ್ಯದಲ್ಲಿ ಎರಡೂ ತಂಡಗಳಿಗೆ ಚೆಂಡು ಸಿಗುವ ಸರದಿಗಳೇ ಕಡಿಮೆಯಾಗುತ್ತವೆ, ಆದ್ದರಿಂದ ಅಂಕಗಳೂ ಕಡಿಮೆಯಾಗುತ್ತವೆ. ನಿಧಾನವಾಗಿ ಆಡೆಂದು ಮುಖ್ಯ ತರಬೇತುದಾರರು ಹೇಳುತ್ತಾರೆ, ಹೆಚ್ಚು ಅಂಕ ಗಳಿಸೆಂದು ಒಪ್ಪಂದ ಹೇಳುತ್ತದೆ. ಇವೆರಡರ ನಡುವೆ ನಿಂತವನು ಯಾವುದನ್ನು ಪಾಲಿಸಬೇಕು? ಪ್ರತಿ ಸರದಿಗೆ ಎಷ್ಟು ಅಂಕ ಎಂದು ಎಣಿಸಿದ್ದರೆ ಅದು ನ್ಯಾಯವಾದ ಅಳತೆಯಾಗುತ್ತಿತ್ತು. ಆ ಅಳತೆಯಲ್ಲಿಯೂ ಈ ಆಫೆನ್ಸ್ ಸೋಲುತ್ತಿತ್ತು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಸರಿಯಾದ ಕಾರಣಕ್ಕೆ ಸೋಲುತ್ತಿತ್ತು.

ಏಕೆಂದರೆ ದೋಷ ಇದ್ದೇ ಇತ್ತು. ಪೆನ್ ಸ್ಟೇಟ್ ವಿರುದ್ಧ 31–0ರಿಂದ ಸೋತ ರಾತ್ರಿ ಅಯೋವಾ ಆಡಿದ್ದು 33 ಪ್ಲೇಗಳು, ಎದುರಾಳಿ ಆಡಿದ್ದು 97. ನಮ್ಮ ಒಟ್ಟು ಗಳಿಕೆ 76 ಯಾರ್ಡ್. ಮರುವಾರ ಮಿಷಿಗನ್‌ನಿಂದ ಬಂದಿದ್ದ ಕ್ವಾರ್ಟರ್‌ಬ್ಯಾಕ್ (ಆಫೆನ್ಸ್ ನಡೆಸುವ, ಚೆಂಡು ಎಸೆಯುವ ಆಟಗಾರ) ಕೇಡ್ ಮ್ಯಾಕ್‌ನಮಾರಾ ಮಂಡಿಗೆ ಗಾಯ ಮಾಡಿಕೊಂಡು ಋತುವಿನಿಂದಲೇ ಹೊರಗುಳಿದರು. ಟೈಟ್ ಎಂಡ್‌ಗಳಾದ ಲೂಕ್ ಲಾಷಿ ಮತ್ತು ಎರಿಕ್ ಆಲ್ ಕೂಡ ಗಾಯಾಳುಗಳಾದರು. ಬದಲಿಯಾಗಿ ಬಂದ ಡೀಕನ್ ಹಿಲ್ ಎಸೆದ ಚೆಂಡುಗಳಲ್ಲಿ ಅರ್ಧಕ್ಕಿಂತ ಕಡಿಮೆ ಮಾತ್ರ ಸಹ ಆಟಗಾರರ ಕೈ ಸೇರಿದವು. ವಿಸ್ಕಾನ್ಸಿನ್ ವಿರುದ್ಧ 15–6ರಿಂದ ಗೆದ್ದ ದಿನ ಅವರು ಎಸೆದು ಗಳಿಸಿದ್ದು 37 ಯಾರ್ಡ್. ಆ ಪಂದ್ಯವನ್ನು ಗೆಲ್ಲಿಸಿದ್ದು ಲೆಶಾನ್ ವಿಲಿಯಮ್ಸ್ ಅವರ 82 ಯಾರ್ಡ್‌ಗಳ ಒಂದು ಓಟ.

ನನ್ನ ಸಹೋದ್ಯೋಗಿ ಪ್ರತಿ ವಾರ ಎತ್ತುತ್ತಿದ್ದ ಆಕ್ಷೇಪ ಮೂರನೆಯ ಯತ್ನದ ಬಗ್ಗೆ. 8 ಯಾರ್ಡ್ ಬೇಕಾದಾಗ 4 ಯಾರ್ಡ್ ದೂರಕ್ಕೆ ಎಸೆಯುವ ಪ್ಲೇ ಏಕೆ ಎಂದು ಅವರು ಕೇಳುತ್ತಿದ್ದರು. ನನಗೆ ತೋಚಿದ ಉತ್ತರ ಇದು: ಮೊದಲ ಎರಡು ಯತ್ನಗಳಲ್ಲಿ ಓಟವನ್ನೇ ಆಡುತ್ತಾರೆಂದು ಎದುರಾಳಿಗೆ ಮೊದಲೇ ತಿಳಿದಿರುತ್ತದೆ, ಆದ್ದರಿಂದ ಮೂರನೆಯದಕ್ಕೆ ದೂರ ಉಳಿಯುತ್ತದೆ, ದೂರ ಉಳಿದಾಗ ಹೆಚ್ಚು ಹೊತ್ತು ಚೆಂಡು ಹಿಡಿದುಕೊಂಡು ಕಾಯುವಷ್ಟು ರಕ್ಷಣೆಯನ್ನು ಲೈನ್ ಕೊಡಲಾರದು, ಆದ್ದರಿಂದ ಚಿಕ್ಕ ಎಸೆತ. ಮೂರನೆಯ ಯತ್ನದ ತಪ್ಪು ಹುಟ್ಟುವುದು ಮೊದಲನೆಯದರಲ್ಲಿ. ಅದನ್ನು ಬದಲಿಸದೆ ಮೂರನೆಯದನ್ನು ಬೈದರೆ ಪ್ರಯೋಜನವಿಲ್ಲ. ಮೊದಲನೆಯ ಯತ್ನವನ್ನು ಹಾಗೆ ಆಡಲು ಅವಕಾಶವಾದದ್ದು ನಾಲ್ಕನೆಯದರಲ್ಲಿ ಟೋರಿ ಟೇಲರ್ ಇದ್ದಾರೆ ಎಂಬ ನೆಮ್ಮದಿಯಿಂದ. ಮೆಲ್ಬರ್ನ್‌ನಿಂದ ಬಂದ ಆ ಆಟಗಾರ 2023ರಲ್ಲಿ ಒಟ್ಟು 4,479 ಯಾರ್ಡ್ ಪಂಟ್ ಮಾಡಿ, 1938ರಿಂದ ಉಳಿದಿದ್ದ ಒಂದು ಋತುವಿನ ದಾಖಲೆಯನ್ನು ಮುರಿದು, ದೇಶದ ಶ್ರೇಷ್ಠ ಪಂಟರ್‌ಗೆ ಸಲ್ಲುವ ರೇ ಗೈ ಪ್ರಶಸ್ತಿ ಪಡೆದರು. 'ಪಂಟಿಂಗ್ ಈಸ್ ವಿನ್ನಿಂಗ್' ಎಂದು ಬರೆದ ಅಂಗಿಗಳನ್ನು ಕ್ರೀಡಾಂಗಣದಲ್ಲಿ ಎಲ್ಲೆಲ್ಲೂ ಕಾಣಬಹುದಾಗಿತ್ತು. ಅವರ ಒದೆತದ ಸೌಂದರ್ಯವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಅಷ್ಟು ಒಳ್ಳೆಯ ಪಂಟರ್ ಇದ್ದದ್ದರಿಂದಲೇ ಆಫೆನ್ಸ್‌ನ ರೋಗ ಬಹುಕಾಲ ಮರೆಯಾಗಿ ಉಳಿಯಿತು ಎಂದು ನನ್ನ ಅಭಿಪ್ರಾಯ.

ನೆರೆಮನೆಯ ಹಿರಿಯರು ಇದನ್ನು ಒಪ್ಪುವುದಿಲ್ಲ. ಕರ್ಕ್ ಅವರ ಲೆಕ್ಕ ಸರಿಯಾಗಿತ್ತು, ಇಂತಹ ಡಿಫೆನ್ಸ್ ಇರುವಾಗ ಸಾಹಸ ಮಾಡುವುದು ಮೂರ್ಖತನ, 10 ಪಂದ್ಯ ಗೆದ್ದ ತಂಡವನ್ನು ಬೈಯುವುದು ಕೃತಘ್ನತೆ ಎಂಬುದು ಅವರ ನಿಲುವು. ಮೊದಲ ಕ್ವಾರ್ಟರ್ ಮುಗಿದಾಗ ಇಡೀ ಕ್ರೀಡಾಂಗಣ ಎದ್ದು, ಪಕ್ಕದಲ್ಲಿರುವ ಮಕ್ಕಳ ಆಸ್ಪತ್ರೆಯ ಕಿಟಕಿಗಳ ಕಡೆ ತಿರುಗಿ ಕೈ ಬೀಸುವ ಸಂಪ್ರದಾಯ 2017ರಿಂದ ಇಲ್ಲಿದೆ. ನಮ್ಮ ಮೂವರ ವಾದ ನಿಲ್ಲುತ್ತಿದ್ದದ್ದು ಆ ಒಂದು ನಿಮಿಷ ಮಾತ್ರ.

ಅಕ್ಟೋಬರ್ 30ರಂದು ಹಂಗಾಮಿ ಕ್ರೀಡಾ ನಿರ್ದೇಶಕಿ ಬೆತ್ ಗೆಟ್ಸ್, ಋತುವಿನ ನಂತರ ಬ್ರಯನ್ ಮುಂದುವರಿಯುವುದಿಲ್ಲ ಎಂದು ಪ್ರಕಟಿಸಿದರು. ಆಗ ತಂಡ 6 ಗೆದ್ದು 2 ಸೋತಿತ್ತು, ಸರಾಸರಿ 19.5. ಅನಂತರ ಅದೇ ಮನುಷ್ಯ ಪ್ಲೇಗಳನ್ನು ಕರೆಯುತ್ತಿದ್ದಾಗಲೇ ಅಯೋವಾ ನಾರ್ತ್‌ವೆಸ್ಟರ್ನ್ ವಿರುದ್ಧ 10–7, ರಟ್ಗರ್ಸ್ ವಿರುದ್ಧ 22–0, ಇಲಿನಾಯ್ ವಿರುದ್ಧ 15–13, ನೆಬ್ರಾಸ್ಕಾ ವಿರುದ್ಧ 13–10ರಿಂದ ಸತತ ನಾಲ್ಕು ಪಂದ್ಯ ಗೆದ್ದು, ತಾನಾಡುವ ಬಿಗ್ ಟೆನ್ ಲೀಗ್‌ನ ಪಶ್ಚಿಮ ವಿಭಾಗದಲ್ಲಿ ಅಗ್ರಸ್ಥಾನ ಪಡೆಯಿತು. ಹಿರಿಯರಿಗೆ ಅದು ತಮ್ಮ ಮಾತಿನ ಸಮರ್ಥನೆ. ಆಮೇಲೆ ಲೀಗ್‌ನ ಪ್ರಶಸ್ತಿ ಪಂದ್ಯದಲ್ಲಿ ಮಿಷಿಗನ್ ವಿರುದ್ಧ 26–0, ಋತುವಿನ ಕೊನೆಯ ಪಂದ್ಯವಾದ ಸಿಟ್ರಸ್ ಬೌಲ್‌ನಲ್ಲಿ ಟೆನೆಸಿ ವಿರುದ್ಧ 35–0ರಿಂದ ಸೋತಿತು. ಸಹೋದ್ಯೋಗಿಗೆ ಇದು ಸಮರ್ಥನೆ. ಒಟ್ಟು 14 ಪಂದ್ಯಗಳಲ್ಲಿ 216 ಅಂಕ. ಸಮಬಲದ ಅಥವಾ ದುರ್ಬಲ ತಂಡಗಳ ವಿರುದ್ಧ ಕಾಯುವ ಆಟ ಗೆಲ್ಲುತ್ತದೆ. ಮಿಷಿಗನ್‌ನಂಥ ತಂಡ ತಪ್ಪನ್ನೇ ಮಾಡದಿದ್ದಾಗ ಕಾಯುವವನ ಕೈಯಲ್ಲಿ ಏನೂ ಇರುವುದಿಲ್ಲ.

2024ರಲ್ಲಿ ಬ್ರಯನ್ ಅವರ ಜಾಗಕ್ಕೆ ಟಿಮ್ ಲೆಸ್ಟರ್ ಬಂದರು. ಮುಖ್ಯ ತರಬೇತುದಾರರು ಕರ್ಕ್ ಅವರೇ, ಓಟದ ಮೂಲ ತತ್ತ್ವವೂ ಅದೇ: ಲೈನಿನ ಐವರೂ ಒಟ್ಟಿಗೆ ಪಕ್ಕಕ್ಕೆ ಸರಿಯುತ್ತಾರೆ, ಓಟಗಾರ ತೆರೆದ ಸಂದನ್ನು ನೋಡಿ ನುಗ್ಗುತ್ತಾನೆ. ಲೆಸ್ಟರ್ ಅದಕ್ಕೆ ಸೇರಿಸಿದ್ದು ಪ್ಲೇ ಆರಂಭವಾಗುವ ಮುನ್ನದ ಚಲನೆ. ಒಬ್ಬ ಆಟಗಾರ ಅತ್ತಿಂದಿತ್ತ ಓಡಿದಾಗ ಎದುರಾಳಿ ಅರೆಕ್ಷಣ ಗೊಂದಲಗೊಳ್ಳುತ್ತಾನೆ, ಸಂದು ಅಷ್ಟರಲ್ಲಿ ತೆರೆಯುತ್ತದೆ. 2023ರಲ್ಲಿ 463 ಯಾರ್ಡ್ ಓಡಿದ್ದ ಕೇಲಬ್ ಜಾನ್ಸನ್ ಆ ವರ್ಷ 1,537 ಯಾರ್ಡ್ ಓಡಿ 21 ಟಚ್‌ಡೌನ್ ಗಳಿಸಿದರು. ತಂಡದ ಸರಾಸರಿ 25ನ್ನು ದಾಟಿತು. ಆದರೆ ಗೆದ್ದದ್ದು 8 ಪಂದ್ಯ, ಹಿಂದಿನ ವರ್ಷಕ್ಕಿಂತ ಎರಡು ಕಡಿಮೆ. ಎಸೆತದ ಆಟ ಮಾತ್ರ ಬಡವಾಗಿಯೇ ಉಳಿಯಿತು. ಪ್ಲೇ-ಕಾಲಿಂಗ್‌ನಿಂದ ಎಷ್ಟು ಬದಲಾಗುತ್ತದೆ, ಕ್ವಾರ್ಟರ್‌ಬ್ಯಾಕ್ ಇಲ್ಲದೆ ಎಷ್ಟು ಬದಲಾಗುವುದಿಲ್ಲ ಎಂಬುದಕ್ಕೆ ಈ ಎರಡು ಋತುಗಳಿಗಿಂತ ಸ್ಪಷ್ಟವಾದ ಉದಾಹರಣೆಯನ್ನು ನಾನು ಕಂಡಿಲ್ಲ.

2025ರ ಜನವರಿಯಲ್ಲಿ ಹೊಸ ಕ್ವಾರ್ಟರ್‌ಬ್ಯಾಕ್ ಬರುವ ಸುದ್ದಿ ಬಂತು: ಸೌತ್ ಡಕೋಟಾ ಸ್ಟೇಟ್ ತಂಡವನ್ನು ಎರಡು ಬಾರಿ ಚಾಂಪಿಯನ್ ಮಾಡಿದ್ದ ಮಾರ್ಕ್ ಗ್ರೊನಾವ್‌ಸ್ಕಿ. 7–3ರ ಆ ಪಂದ್ಯದಲ್ಲಿ ನಮ್ಮ ಡಿಫೆನ್ಸ್ ಎದುರು ಆಡಿದವರು ಅವರೇ. ಸುದ್ದಿ ಕೇಳಿದ ಬೆಳಿಗ್ಗೆ ಹಿಮ ತೆಗೆಯುತ್ತಿದ್ದ ಹಿರಿಯರು ಸಲಿಕೆ ನಿಲ್ಲಿಸಿ, ಮೊದಲ ಯತ್ನದಲ್ಲಿಯೇ ಚೆಂಡು ಎಸೆಯಲು ಆ ಹುಡುಗನಿಗೆ ಈಗಲಾದರೂ ಬಿಡುತ್ತಾರೆಯೇ ಎಂದು ನನ್ನನ್ನು ಕೇಳಿದರು. ಮೂರು ವರ್ಷಗಳಲ್ಲಿ ಅವರ ಬಾಯಿಂದ ಆ ಪ್ರಶ್ನೆ ಬಂದದ್ದು ಅದೇ ಮೊದಲು.