ಬುದ್ಧನ ಕತ್ತಿನ ಮೇಲೆ ಮೂರು ವಾಯರ್

ಯಾದಗಿರಿ ಜಿಲ್ಲೆಯ ಶಹಾಪುರದಲ್ಲಿ ಬುದ್ಧ ಮಲಗಿದ್ದಾನೆ. ಯಾರೂ ಕೆತ್ತಿದ್ದಲ್ಲ. ಅಕ್ಕಪಕ್ಕ, ಹಿಂದೆ ಮುಂದೆ ಇರುವ ಗುಡ್ಡಗಳು ದೂರದಿಂದ ಒಂದಾಗಿ ಕಂಡಾಗ ಹಣೆ, ಮೂಗು, ತುಟಿ, ಎದೆ ತಾವಾಗೇ ಮೂಡುತ್ತವೆ. ನಮ್ಮ ಕಡೆ ಎಷ್ಟೋ ಜನರ ಮೊಬೈಲಿನಲ್ಲಿ ಈ ಫೋಟೋ ಇದೆ. ನನಗೆ ಬೇಕಿದ್ದದ್ದು ವಾಯರ್ ಇಲ್ಲದ ಫೋಟೋ.

ನವೆಂಬರಿನ ಒಂದು ಭಾನುವಾರ ಕಲಬುರಗಿಯಿಂದ ಬೈಕಿನಲ್ಲಿ ಹೊರಟೆ. ಕಟ್ಟಿಸಂಗಾವಿ ಹತ್ತಿರ ಭೀಮಾ ದಾಟುವಾಗ ಇನ್ನೂ ಕತ್ತಲು. ಶಹಾಪುರದ ಹೊರಗೆ ರಸ್ತೆ ಪಕ್ಕ ಟ್ರೈಪಾಡ್ ಊರಿ ಕ್ಯಾಮೆರಾಕ್ಕೆ ಕಣ್ಣಿಟ್ಟೆ. ಕರೆಂಟಿನ ಮೂರು ವಾಯರ್ ಸೀದಾ ಬುದ್ಧನ ಕತ್ತಿನ ಮೇಲೆ ಹಾದಿದ್ದವು.

ಬರಿಗಣ್ಣಿಗೆ ವಾಯರ್ ಅಷ್ಟಾಗಿ ಕಾಣುವುದಿಲ್ಲ. ಮನಸ್ಸು ಅದನ್ನು ಬಿಟ್ಟು ಗುಡ್ಡವನ್ನಷ್ಟೇ ನೋಡುತ್ತದೆ. ಕ್ಯಾಮೆರಾ ಏನನ್ನೂ ಬಿಡುವುದಿಲ್ಲ. ಬೇರೆ ಗುಡ್ಡವಾದರೆ ನಾಲ್ಕು ಹೆಜ್ಜೆ ಆಚೆ ಹೋದರಾಯಿತು. ಇಲ್ಲಿ ಹಾಗಲ್ಲ. ಕಂಬ ತಪ್ಪಿಸಲು ರಸ್ತೆಯಲ್ಲಿ ದೂರದವರೆಗೆ ನಡೆದೆ. ಕಂಬ ತಪ್ಪಿತು, ಮೂಗೂ ಹೋಯಿತು. ಒಂದು ಗುಡ್ಡ ಇನ್ನೊಂದರಿಂದ ಸರಿದು, ಮುಖ ಇದ್ದಲ್ಲಿ ಸುಮ್ನೆ ಕಲ್ಲುಗುಡ್ಡ ಉಳಿಯಿತು. ನಿಲ್ಲುವ ಜಾಗ ತಪ್ಪಿದರೆ ಬುದ್ಧನೇ ಇಲ್ಲ. ಅದೇ ಜಾಗದ ಎದುರಿಗೇ ಕಂಬ ನೆಟ್ಟಿದ್ದಾರಲ್ಲ ಅಂತ ಹೊಟ್ಟೆ ಉರಿಯಿತು. ನೆಡುವಾಗ ಒಬ್ಬರಾದರೂ ತಲೆ ಎತ್ತಿ ನೋಡಬಾರದಿತ್ತಾ?

ವಾಯರ್ ಲೆನ್ಸಿಗೆ ತೀರಾ ಹತ್ತಿರ ಇದ್ದರೆ ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ, ಪೂರ್ತಿ ತೆರೆದಾಗ ಮಸುಕಾಗಿ ಕರಗಿಹೋಗುತ್ತದೆ. ಇದು ದೂರ ಇತ್ತು, ಆ ಉಪಾಯ ನಡೆಯಲಿಲ್ಲ. ಮನೆಗೆ ಹೋಗಿ ಕಂಪ್ಯೂಟರಿನಲ್ಲಿ ಅಳಿಸಬಹುದು, ನಿಜ. ಆದರೆ ಅಳಿಸಿದ ಜಾಗವನ್ನು ಕಂಪ್ಯೂಟರ್ ಊಹಿಸಿ ತುಂಬುತ್ತದೆ. ಗಲ್ಲದಿಂದ ಎದೆಗೆ ಇಳಿಯುವ ಆ ಗೆರೆ ಗುಡ್ಡದ್ದೇ ಆಗಿರಬೇಕು. ಅದರಲ್ಲಿ ನಾನು ರಾಜಿ ಆಗುವುದಿಲ್ಲ.

ಅಷ್ಟರಲ್ಲಿ ಹೊಲದಿಂದ ಒಬ್ಬ ಹಿರಿಯರು ಬಿರಬಿರನೆ ಬಂದರು. ಹೆಗಲ ಮೇಲೆ ಟವೆಲ್, ಕೈಯಲ್ಲಿ ಕೋಲು.

"ಸರ್ವೆದವ್ರೇನ್ರೀ? ಮತ್ತೊಂದು ಕಂಬ ಹಾಕ್ತೀರೇನು ನಮ್ಮ ಹೊಲದಾಗ?"

ಮೂರು ಕಾಲಿನ ಸ್ಟ್ಯಾಂಡ್ ನೋಡಿ ಹಾಗಂದುಕೊಂಡಿದ್ದರು. "ಇಲ್ಲ ಕಾಕಾ, ಬುದ್ಧನ ಫೋಟೋ ತೆಗೀಲಿಕ್ಕೆ ಬಂದೀನಿ" ಅಂದೆ. ಕ್ಯಾಮೆರಾದ ಪರದೆ ತೋರಿಸಿದೆ. ಅವರ ಮುಖ ಸಡಿಲಾಯಿತು.

"ಇಲ್ಲಿ ನಿಂತ್ರ ಹೆಂಗ ಬರ್ತದ ತಮ್ಮಾ? ಒಳಗ ಬಾ."

ಒಡ್ಡಿನ ಮೇಲೆ ಅವರ ಹಿಂದೆ ನಡೆದೆ. ಕೃಷ್ಣೆಯ ನೀರು ನಾರಾಯಣಪುರದಿಂದ ಕಾಲುವೆಯಲ್ಲಿ ಬಂದ ಮೇಲೆ ಈ ಭಾಗದಲ್ಲಿ ಭತ್ತ ಜಾಸ್ತಿ. ಎರಡೂ ಕಡೆ ತೆನೆ ಹಣ್ಣಾಗಿ ಬಾಗಿತ್ತು, ಇಬ್ಬನಿಗೆ ಪ್ಯಾಂಟು ಮೊಣಕಾಲವರೆಗೆ ಒದ್ದೆ. ಗುಡ್ಡದ ಕಡೆಗೆ ನೇರ ನಡೆದಿದ್ದರಿಂದ ಮುಖ ಕೆಡಲಿಲ್ಲ, ವಾಯರ್ ಬೆನ್ನ ಹಿಂದೆ ಉಳಿಯಿತು. ಎಡಕ್ಕೊಂದು ಮೊಬೈಲ್ ಟವರ್ ಇತ್ತು. ಕಾಕಾ ನನ್ನನ್ನು ತೋಳು ಹಿಡಿದು ಬೇವಿನ ಗಿಡದ ಪಕ್ಕ ನಿಲ್ಲಿಸಿದರು. ಟವರ್ ಗಿಡದ ಮರೆಗೆ ಹೋಯಿತು. 200 ಎಂಎಂಗೆ ಝೂಮ್ ಮಾಡಿದೆ. ಹಣೆಯಿಂದ ಎದೆವರೆಗೆ ಒಂದೇ ಗೆರೆ, ಮೇಲೆ ಬರೀ ಆಕಾಶ. ಎಂಟೋ ಹತ್ತೋ ಫೋಟೋ ತೆಗೆದೆ. ಖುಷಿಗೆ ಮಾತೇ ಹೊರಡಲಿಲ್ಲ.

ವಾಪಸ್ ಬರುವಾಗ ಕಾಕಾ ಅದೇ ವಾಯರಿನ ಈಚೆಗೆ ನಿಂತರು. "ತಮ್ಮಾ, ಇದರದೊಂದು ತೆಗಿ."

ಆಗ ಸರಿಯಾಗಿ ನೋಡಿದೆ. ಎರಡು ಕಂಬಗಳ ನಡುವೆ ವಾಯರ್ ಜೋತುಬಿದ್ದಿತ್ತು. ನೆಲದಿಂದ ಎರಡಾಳು ಎತ್ತರವೂ ಇರಲಿಲ್ಲ. ರಸ್ತೆಯಿಂದ ನೋಡಿದಾಗ ಅದು ಬುದ್ಧನ ಕತ್ತಿಗೆ ಬಂದಿದ್ದೂ ಇದಕ್ಕೇ.

"ನಾಳಿ ಭತ್ತ ಕೊಯ್ಯೋ ಮಷಿನ್ ಬರ್ತದ. ಡ್ರೈವರ್ ಇದರ ಕೆಳಗ ಹೊಡ್ಯಂಗಿಲ್ಲ ಅಂತಾನ. ಕರೆಂಟಿನ ಆಫೀಸಿಗೆ ಎರಡು ಸಲ ಹೋಗಿ ಹೇಳೀನಿ. ಫೋಟೋ ತೊಗೊಂಡು ಬಾ ಅಂದ್ರು."

ಎಷ್ಟು ಕೆಳಗಿದೆ ಅಂತ ತೋರಿಸಲು ಕೋಲು ಎತ್ತಲು ಹೋದರು. "ಬ್ಯಾಡ ಕಾಕಾ!" ಅಂತ ಕೂಗಿ ದೂರ ಕರೆದೆ. ಕಂಬದಿಂದ ಆಚೆ ಒಡ್ಡಿನ ಮೇಲೆ ನಿಲ್ಲಿಸಿದೆ. ಒದ್ದೆ ನೆಲದಲ್ಲಿ ಮೊಣಕಾಲೂರಿ ಕೂತೆ. ಜೋತ ಜಾಗ ಆಕಾಶಕ್ಕೆ ಎದುರಾಗಿ ಕಾಣಬೇಕು, ಕಂಬದ ನಂಬರ್ ಓದಲು ಬರಬೇಕು, ಪಕ್ಕದಲ್ಲಿ ಕಾಕಾ ಇದ್ದರೆ ಎತ್ತರ ಗೊತ್ತಾಗುತ್ತದೆ. ಬುದ್ಧನಿಗೆ ಕೊಟ್ಟಷ್ಟೇ ಹೊತ್ತು ಅದಕ್ಕೂ ಕೊಟ್ಟೆ.

ಅಲ್ಲೇ ನಿಂತು ಅವರ ಮಗನ ವಾಟ್ಸಾಪಿಗೆ ಕಳಿಸಿದೆ. ಕಾಕಾ ಫೋನನ್ನು ಕಣ್ಣ ಹತ್ತಿರ ಹಿಡಿದು ವಾಯರ್ ಒಂದೊಂದನ್ನೂ ಬೆರಳಿಟ್ಟು ಎಣಿಸಿದರು. "ಮೂರೂ ಬಂದಾವ" ಅಂದರು.