ಸಿಮೆಂಟಿನಿಂದಲೇ ಶುರುವಾಗಬೇಕಾದ ಬದಲಾವಣೆ

ಕಟ್ಟಡ ನಿರ್ಮಾಣದ ಭವಿಷ್ಯದ ಬಗ್ಗೆ ಯೋಚಿಸುವಾಗಲೆಲ್ಲ ನನ್ನ ಗಮನ ಮೊದಲು ಹೋಗುವುದು ಸಿಮೆಂಟಿನ ಕಡೆಗೆ. ಜಗತ್ತಿನ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ಸುಮಾರು ಶೇ. 8ರಷ್ಟು ಪಾಲು ಅದರ ತಯಾರಿಕೆಯದು. ಸುಣ್ಣದ ಕಲ್ಲನ್ನು ಸುಮಾರು 1,450 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ಕ್ಲಿಂಕರ್ (ಪುಡಿಮಾಡಿದರೆ ಸಿಮೆಂಟಾಗುವ ಗಟ್ಟಿ ಉಂಡೆಗಳು) ಮಾಡುವಾಗ ಉರಿಸುವ ಇಂಧನದಿಂದ ಮಾತ್ರವಲ್ಲ, ಕಲ್ಲಿನೊಳಗಿನಿಂದಲೇ ಆ ಅನಿಲ ಹೊರಬರುತ್ತದೆ. ಹೀಗಾಗಿ ಕುಲುಮೆಗೆ ಸೌರವಿದ್ಯುತ್ತನ್ನೇ ಕೊಟ್ಟರೂ ಸಮಸ್ಯೆಯ ದೊಡ್ಡ ಭಾಗ ಹಾಗೆಯೇ ಉಳಿಯುತ್ತದೆ.

ಆದ್ದರಿಂದಲೇ, ಸುಟ್ಟ ಜೇಡಿಮಣ್ಣನ್ನೂ ಸುಡದ ಸುಣ್ಣದ ಕಲ್ಲಿನ ಪುಡಿಯನ್ನೂ ಬೆರೆಸಿ ಕ್ಲಿಂಕರಿನ ಪ್ರಮಾಣವನ್ನು ಅರ್ಧದಷ್ಟಕ್ಕೆ ಇಳಿಸುವ ಎಲ್‌ಸಿ3 ಸಿಮೆಂಟ್ ನನ್ನಲ್ಲಿ ಹೆಚ್ಚಿನ ಭರವಸೆ ಮೂಡಿಸಿದೆ. ಸಾಮಾನ್ಯ ಸಿಮೆಂಟಿಗೆ ಹೋಲಿಸಿದರೆ ಇದರಿಂದ ಹೊರಸೂಸುವಿಕೆ ಶೇ. 40ರವರೆಗೆ ತಗ್ಗಬಲ್ಲದು.

ಮರವೂ ಮರಳಿ ಬರುತ್ತಿದೆ. ನಾರ್ವೆಯಲ್ಲಿ 2019ರಲ್ಲಿ ಪೂರ್ಣಗೊಂಡ 18 ಮಹಡಿಗಳ ಮಿಯೋಸ್ಟೋರ್ನೆಟ್ ಕಟ್ಟಡದ ಕಂಬ, ತೊಲೆಗಳೆಲ್ಲ ಹಲಗೆಗಳನ್ನು ಪದರಪದರವಾಗಿ ಅಂಟಿಸಿ ಮಾಡಿದವು. ಬೆಂಕಿ ತಗುಲಿದರೆ ಇಂತಹ ದಪ್ಪ ತೊಲೆಯ ಹೊರಮೈ ಇದ್ದಿಲಾಗಿ, ಒಳತಿರುಳನ್ನು ಬಹಳ ಹೊತ್ತು ಕಾಯುತ್ತದೆ. ಆದರೂ ಗಾಳಿಗೆ ಓಲಾಡದಿರಲೆಂದು ಮೇಲಿನ ಮಹಡಿಗಳಿಗೆ ಕಾಂಕ್ರೀಟ್ ಹಾಸನ್ನೇ ಹಾಕಿದ್ದಾರೆ, ಮತ್ತು ಆ ಪ್ರಾಮಾಣಿಕ ಹೊಂದಾಣಿಕೆ ನನಗೆ ಬಹಳ ಹಿಡಿಸಿತು.

ಇನ್ನು ಕಟ್ಟುವ ಮೊದಲೇ ಇಡೀ ಕಟ್ಟಡದ ಮಾದರಿಯನ್ನು ಕಂಪ್ಯೂಟರಿನಲ್ಲಿ ರೂಪಿಸುವ ಬಿಐಎಂ ತಂತ್ರಜ್ಞಾನದ ಮೂಲಕ ನೀರಿನ ಕೊಳವೆ ತೊಲೆಗೆ ಅಡ್ಡಬರುವುದನ್ನು ಕಂಪ್ಯೂಟರ್ ಪರದೆಯ ಮೇಲೆಯೇ ಗುರುತಿಸಿ ಸರಿಪಡಿಸಬಹುದಾದ್ದರಿಂದ, ಕಟ್ಟಿದ್ದನ್ನು ಒಡೆದು ಮತ್ತೆ ಕಟ್ಟುವ ದುಂದು ತಪ್ಪುತ್ತದೆ.