ಐದು ಹನಿಗಳ ಅಂತರ

ಹನ್ನೊಂದು ಮತ್ತು ಹನ್ನೆರಡನೆಯ ತರಗತಿಯ ರಸಾಯನಶಾಸ್ತ್ರದ ಅನೇಕ ಪಠ್ಯಗಳಲ್ಲಿ ಸಲ್ಫ್ಯೂರಿಕ್ ಆಮ್ಲದ ಕೈಗಾರಿಕಾ ತಯಾರಿಕೆ ಒಂದು ಅಧ್ಯಾಯದಲ್ಲಿ ಇರುತ್ತದೆ, ಟೈಟ್ರೇಷನ್, ಅಂದರೆ ಪ್ರಮಾಣ ಗೊತ್ತಿರುವ ದ್ರಾವಣವನ್ನು ಹನಿಹನಿಯಾಗಿ ಸೇರಿಸಿ ಗೊತ್ತಿಲ್ಲದ್ದನ್ನು ಅಳೆಯುವ ಕೆಲಸ, ಪ್ರಾಯೋಗಿಕ ತರಗತಿಯ ನೋಟುಪುಸ್ತಕದಲ್ಲಿ ಇರುತ್ತದೆ. ಮೊದಲನೆಯದನ್ನು ವಿದ್ಯಾರ್ಥಿಗಳು ತಾಪ, ಒತ್ತಡ, ಕ್ರಿಯಾವರ್ಧಕ ಎಂಬ ಮೂರು ಸಂಗತಿಗಳಾಗಿ ಬಾಯಿಪಾಠ ಮಾಡುತ್ತಾರೆ; ಎರಡನೆಯದನ್ನು ಮೂರು ಸಲ ಒಂದೇ ಅಳತೆ ಬರುವವರೆಗೆ ಬ್ಯುರೆಟ್ ಎಂಬ ಗೀರು ಹಾಕಿದ ಗಾಜಿನ ಕೊಳವೆಯ ನಲ್ಲಿ ತಿರುಗಿಸುವ ಕಸರತ್ತೆಂದು ಭಾವಿಸುತ್ತಾರೆ. ಇವೆರಡೂ ಒಂದೇ ವಿಷಯದ ಎರಡು ತುದಿಗಳೆಂದು ಹೇಳಿಕೊಡುವವರು ಕಡಿಮೆ. ನನಗೂ ಅದು ತಡವಾಗಿಯೇ ತಿಳಿಯಿತು, ಅದೂ ಒಂದು ತಪ್ಪಿನ ಮೂಲಕ.

ವಿದ್ಯಾರ್ಥಿಯಾಗಿದ್ದಾಗ ನಮಗೆ ಒಂದು ಸಾಂದ್ರ ಸಲ್ಫ್ಯೂರಿಕ್ ಆಮ್ಲದ ಮಾದರಿಯನ್ನು ಕೊಟ್ಟು, ಅದರಲ್ಲಿ ತೂಕದ ಲೆಕ್ಕದಲ್ಲಿ ಶೇಕಡಾ ಎಷ್ಟು ಆಮ್ಲವಿದೆ ಎಂದು ಕಂಡುಹಿಡಿಯಲು ಹೇಳಿದ್ದರು. 1.25 ಗ್ರಾಂ ಆಮ್ಲವನ್ನು ತೂಗಿ, ನೀರಿಗೆ ಆಮ್ಲವನ್ನು ಹಾಕಬೇಕೇ ಹೊರತು ಆಮ್ಲಕ್ಕೆ ನೀರನ್ನಲ್ಲ ಎಂಬ ನಿಯಮವನ್ನು ಪಾಲಿಸಿ, ತಣಿಸಿ, 250 ಮಿಲಿಲೀಟರಿಗೆ ತುಂಬಿಸಿಕೊಂಡೆ. ಅದರಿಂದ 25 ಮಿಲಿಲೀಟರ್ ಪಿಪೆಟ್ಟಿನಲ್ಲಿ ತೆಗೆದು, 0.1 ಮೋಲಾರ್ (ಲೀಟರಿಗೆ 0.1 ಮೋಲ್) ಸೋಡಿಯಂ ಹೈಡ್ರಾಕ್ಸೈಡ್ ಎಂಬ ಪ್ರತ್ಯಾಮ್ಲದೊಂದಿಗೆ ಟೈಟ್ರೇಟ್ ಮಾಡಿದರೆ 25.5 ಮಿಲಿಲೀಟರ್ ಬಂತು. ಲೆಕ್ಕ ಹಾಕಿದರೆ ಆಮ್ಲ ಶೇಕಡಾ 100! ಬಾಟಲಿಯ ಮೇಲೆ 98 ಎಂದಿತ್ತು. ಅಪ್ಪಟ ಆಮ್ಲ ಸಿಕ್ಕಿತೆಂದು ಹೆಮ್ಮೆಪಟ್ಟದ್ದು ಐದು ನಿಮಿಷ ಮಾತ್ರ. ಶಿಕ್ಷಕರು ಬಂದು ನನ್ನ ಶಂಕು ಫ್ಲಾಸ್ಕನ್ನು ಎತ್ತಿ ನೋಡಿ, ಇದನ್ನು ಯಾವುದರಿಂದ ತೊಳೆದೆ ಎಂದು ಕೇಳಿದರು. ಬ್ಯುರೆಟ್ಟನ್ನು ಅದರಲ್ಲಿ ತುಂಬುವ ದ್ರಾವಣದಿಂದಲೇ ತೊಳೆಯಬೇಕೆಂದು ಓದಿದ್ದ ನಾನು ಫ್ಲಾಸ್ಕಿಗೂ ಅದೇ ಮರ್ಯಾದೆ ಸಲ್ಲಿಸಿ, ಆಮ್ಲದ ದ್ರಾವಣದಿಂದಲೇ ತೊಳೆದಿದ್ದೆ. ಗೋಡೆಗೆ ಅಂಟಿ ಉಳಿದ ಅರ್ಧ ಮಿಲಿಲೀಟರ್ ದ್ರಾವಣ ಲೆಕ್ಕಕ್ಕೆ ಸಿಗದೆ ಒಳಗೆ ಸೇರಿಕೊಂಡಿತ್ತು. ಫ್ಲಾಸ್ಕನ್ನು ಬಟ್ಟಿ ಇಳಿಸಿದ ನೀರಿನಿಂದ ಮಾತ್ರ ತೊಳೆಯಬೇಕು. ಅದರಲ್ಲಿ ನೀರು ಉಳಿದರೂ ಆಮ್ಲದ ಮೋಲುಗಳ ಸಂಖ್ಯೆ, ಅಂದರೆ ಆಮ್ಲದ ಒಟ್ಟು ಪ್ರಮಾಣ, ಬದಲಾಗುವುದಿಲ್ಲ.

ಆಗ ಅದು ಕೇವಲ ಅಂಕ ಕಳೆದುಕೊಳ್ಳುವ ತಪ್ಪಾಗಿ ಕಂಡಿತ್ತು. ಆ ಶೇಕಡಾ ಎರಡರ ವ್ಯತ್ಯಾಸಕ್ಕೆ ಕಾರ್ಖಾನೆಯಲ್ಲಿ ಏನು ಬೆಲೆ ಎಂಬುದು ಈ ಆಮ್ಲವನ್ನು ತಯಾರಿಸುವ ಕಾಂಟ್ಯಾಕ್ಟ್ ವಿಧಾನವನ್ನು ಮತ್ತೊಮ್ಮೆ ಗಮನವಿಟ್ಟು ಓದಿದಾಗ ಹೊಳೆಯಿತು. ಗಂಧಕವನ್ನು ಉರಿಸಿ ಸಲ್ಫರ್ ಡೈಆಕ್ಸೈಡ್ ಪಡೆಯುತ್ತಾರೆ. ವನೇಡಿಯಂ ಪೆಂಟಾಕ್ಸೈಡ್ ಎಂಬ ಕ್ರಿಯಾವರ್ಧಕದ ಮೇಲೆ ಸುಮಾರು 450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದನ್ನು ಸಲ್ಫರ್ ಟ್ರೈಆಕ್ಸೈಡ್ ಮಾಡುತ್ತಾರೆ. ಆ ಟ್ರೈಆಕ್ಸೈಡನ್ನು ನೇರವಾಗಿ ನೀರಿಗೆ ಹಾಯಿಸಿದರೆ ಆಮ್ಲದ ಸೂಕ್ಷ್ಮ ಹನಿಗಳ ಮಂಜು ಏಳುತ್ತದೆ, ಒಮ್ಮೆ ಎದ್ದ ಮಂಜನ್ನು ಮತ್ತೆ ಹಿಡಿಯುವುದು ಬಹಳ ಕಷ್ಟ. ಆದ್ದರಿಂದಲೇ ಅದನ್ನು ಶೇಕಡಾ 98ರ ಆಮ್ಲದಲ್ಲಿ ಹೀರಿಸಿ, ಬೇಕಾದಷ್ಟು ನೀರನ್ನು ಆಮೇಲೆ ಸೇರಿಸುತ್ತಾರೆ. ಪಠ್ಯದಲ್ಲಿ ಇದು ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. 98ಕ್ಕೇ ಏಕೆ ಅಂಟಿಕೊಳ್ಳಬೇಕು ಎಂದರೆ, ಆಮ್ಲ ಅದಕ್ಕಿಂತ ತೆಳುವಾದರೆ ಅದರ ಮೇಲಿನ ನೀರಾವಿ ಹೆಚ್ಚಿ ಮಂಜು ಕಟ್ಟುತ್ತದೆ, ಅದಕ್ಕಿಂತ ಗಟ್ಟಿಯಾದರೆ ಟ್ರೈಆಕ್ಸೈಡೇ ಆವಿಯಾಗಿ ಹೊರಬೀಳತೊಡಗುತ್ತದೆ. ಎರಡೂ ಸೇರಿ ಅತ್ಯಂತ ಕಡಿಮೆ ಇರುವ ಜಾಗ ಇದೇ.

ಹಾಗಾದರೆ ಟ್ರೈಆಕ್ಸೈಡನ್ನು ಹೀರಿಸುವ ಗೋಪುರದಲ್ಲಿ ಸುತ್ತುತ್ತಿರುವ ಆಮ್ಲ 98ರಲ್ಲೇ ಇದೆಯೆಂದು ತಿಳಿಯುವುದು ಹೇಗೆ? ದ್ರವದ ಸಾಂದ್ರತೆಯನ್ನು, ಅಂದರೆ ಒಂದು ಮಿಲಿಲೀಟರಿನ ತೂಕವನ್ನು, ತೋರಿಸುವ ಸಾಂದ್ರತಾಮಾಪಕವನ್ನು ಅದ್ದಿ ನೋಡಿದರಾಯಿತು ಎಂದು ಯಾರಿಗಾದರೂ ತೋಚುತ್ತದೆ, ತೆಳು ಆಮ್ಲಕ್ಕೆ ಅದು ಒಳ್ಳೆಯ ಉಪಾಯವೂ ಹೌದು. ಆದರೆ ಸಲ್ಫ್ಯೂರಿಕ್ ಆಮ್ಲದ ಸಾಂದ್ರತೆ ಶೇಕಡಾ 97ರ ಆಸುಪಾಸಿನಲ್ಲಿ ತುತ್ತತುದಿಗೆ ಏರಿ, ಅಲ್ಲಿಂದ ಮುಂದೆ ಇಳಿಯತೊಡಗುತ್ತದೆ. 96, 97, 98 ಮೂರಕ್ಕೂ ಸಾಂದ್ರತೆ ಸುಮಾರು 1.836 ಗ್ರಾಂ ಪ್ರತಿ ಮಿಲಿಲೀಟರ್. ನಮಗೆ ಅತ್ಯಂತ ನಿಖರವಾಗಿ ತಿಳಿಯಬೇಕಾದ ಜಾಗದಲ್ಲೇ ಆ ಉಪಕರಣ ಬಾಯಿ ಮುಚ್ಚಿಕೊಳ್ಳುತ್ತದೆ. ಪ್ರಕೃತಿಯ ಇಂಥ ತುಂಟತನ ನನಗೆ ಬಹಳ ಇಷ್ಟ. ಬ್ಯುರೆಟ್ಟಿಗೆ ಈ ತೊಡಕಿಲ್ಲ: ಮೇಲೆ ಹೇಳಿದ ಅದೇ ತೂಕದ, ಅದೇ ಪ್ರಮಾಣದ ಪ್ರಯೋಗದಲ್ಲಿ 98ರ ಆಮ್ಲಕ್ಕೆ 25.0 ಮಿಲಿಲೀಟರ್ ಪ್ರತ್ಯಾಮ್ಲ ಬೇಕು, 97ರ ಆಮ್ಲಕ್ಕೆ ಸುಮಾರು 24.7. ಬ್ಯುರೆಟ್ಟಿನ ಒಂದು ಹನಿ ಸುಮಾರು 0.05 ಮಿಲಿಲೀಟರ್ ಎಂದಿಟ್ಟುಕೊಂಡರೆ ಅಂತರ ಐದು ಹನಿ. ಆಮ್ಲ ಮುಗಿಯಿತೆಂದು ಸೂಚಕದ ಬಣ್ಣ ಬಂದ ಮೇಲೂ ಗಾಬರಿಯಲ್ಲಿ ಐದು ಹನಿ ಹೆಚ್ಚಿಗೆ ಬಿಟ್ಟವನು 97ರ ಆಮ್ಲವನ್ನು 98 ಎಂದು ಬರೆಯುತ್ತಾನೆ. ಇಂದಿನ ಕಾರ್ಖಾನೆಗಳಲ್ಲಿ ಹಗಲಿರುಳೂ ಅಳೆಯಲು ವಿದ್ಯುತ್ ವಾಹಕತೆಯಂಥ ಗುಣಗಳನ್ನು ಬಳಸುವ ಯಂತ್ರಗಳಿವೆ ನಿಜ, ಆದರೆ ಆ ಯಂತ್ರ ಸರಿ ಹೇಳುತ್ತಿದೆಯೇ ಎಂದು ತಾಳೆ ನೋಡಲು ಪ್ರಯೋಗಶಾಲೆಯ ಟೈಟ್ರೇಷನ್ನೇ ಬೇಕು.

ಅದೇ ಕಾರ್ಖಾನೆಯ ಇನ್ನೊಂದು ತುದಿಯಲ್ಲಿ, ಅನಿಲ ಕ್ರಿಯಾವರ್ಧಕವನ್ನು ಸೇರುವ ಮೊದಲು, ಮತ್ತೊಂದು ಅಳತೆ ಬೇಕಾಗುತ್ತದೆ. ಡೈಆಕ್ಸೈಡ್ ಟ್ರೈಆಕ್ಸೈಡ್ ಆಗುವಾಗ ಶಾಖ ಹೊರಬರುತ್ತದೆ. ಅನಿಲದಲ್ಲಿ ಡೈಆಕ್ಸೈಡ್ ಅತಿಯಾದರೆ ಕ್ರಿಯಾವರ್ಧಕದ ಹಾಸು ವಿಪರೀತ ಕಾಯುತ್ತದೆ, ಸಮತೋಲನ ಹಿಂದಕ್ಕೆ, ಅಂದರೆ ಡೈಆಕ್ಸೈಡಿನ ಕಡೆಗೆ, ಸರಿಯುತ್ತದೆ. ಇದನ್ನು ಅಳೆಯುವ ಹಳೆಯ ರೈಕ್ ಪರೀಕ್ಷೆ ಶಾಲೆಯ ಮೇಜಿನ ಮೇಲೆ ಅರ್ಥವಾಗುವಷ್ಟು ಸರಳವಾಗಿದೆ. ಪಿಷ್ಟ ಸೇರಿಸಿದ ಅಯೋಡಿನ್ ದ್ರಾವಣದ ಮೂಲಕ ಅನಿಲವನ್ನು ಗುಳ್ಳೆಗುಳ್ಳೆಯಾಗಿ ಹಾಯಿಸುತ್ತಾ ಹೋಗುವುದು, ನೀಲಿ ಬಣ್ಣ ಅಳಿದ ಕ್ಷಣಕ್ಕೆ ನಿಲ್ಲಿಸುವುದು, ದಾಟಿ ಬಂದ ಅನಿಲದ ಗಾತ್ರವನ್ನು ನೋಡುವುದು. ಅಯೋಡಿನ್ 10 ಮಿಲಿಲೀಟರ್, 0.05 ಮೋಲಾರ್ ಎಂದಾದರೆ ಅದು 0.5 ಮಿಲಿಮೋಲ್ ಡೈಆಕ್ಸೈಡನ್ನು ನುಂಗುತ್ತದೆ, ಕೋಣೆಯ ತಾಪದಲ್ಲಿ ಅದರ ಗಾತ್ರ ಸುಮಾರು 12 ಮಿಲಿಲೀಟರ್. ಆಚೆ ಬದಿಯಲ್ಲಿ 108 ಮಿಲಿಲೀಟರ್ ಅನಿಲ ಸಂಗ್ರಹವಾಗಿದ್ದರೆ ಮೂಲ ಅನಿಲದಲ್ಲಿ ಡೈಆಕ್ಸೈಡ್ ಶೇಕಡಾ 10. ಇಲ್ಲಿ 12ನ್ನು 108ರಿಂದ ಭಾಗಿಸಿ 11 ಎಂದು ಬರೆಯುವವರೇ ಹೆಚ್ಚು. ನುಂಗಿಹೋದ 12 ಮಿಲಿಲೀಟರ್ ಕೂಡ ಮೊದಲಿನ ಒಟ್ಟು ಗಾತ್ರದ ಭಾಗವೇ ಆಗಿತ್ತೆಂಬುದನ್ನು ಮರೆಯುತ್ತಾರೆ.

ಇತಿಹಾಸವನ್ನು ನೋಡಿದರೂ ಟೈಟ್ರೇಷನ್ ಹುಟ್ಟಿದ್ದು ತರಗತಿಗಾಗಿ ಅಲ್ಲ. ಬಟ್ಟೆಯನ್ನು ಕ್ಲೋರಿನ್ನಿನಿಂದ ಬಿಳುಪು ಮಾಡಬಹುದೆಂದು ಫ್ರಾನ್ಸಿನ ರಸಾಯನಜ್ಞ ಬರ್ಥೊಲೆ 1780ರ ದಶಕದಲ್ಲಿ ತೋರಿಸಿಕೊಟ್ಟ ಮೇಲೆ ಒಂದು ಹೊಸ ತಲೆನೋವು ಶುರುವಾಯಿತು: ದ್ರಾವಣ ತೀಕ್ಷ್ಣವಾದರೆ ಬಟ್ಟೆ ಹಾಳು, ಸಪ್ಪೆಯಾದರೆ ಬಿಳುಪಿಲ್ಲ. ಅದೇ ದೇಶದ ರೂಆನ್ ನಗರದ ಡೆಕ್ರವಾಜಿ ಎಂಬ ರಸಾಯನಜ್ಞ ಗೀರು ಹಾಕಿದ ಕೊಳವೆಯೊಂದನ್ನು ಬಳಸಿ, ನೀಲಿ ಬಣ್ಣದ ಇಂಡಿಗೋ ದ್ರಾವಣವನ್ನು ಇಷ್ಟು ಬಿಳುಪುಕಾರಿ ಎಷ್ಟರಮಟ್ಟಿಗೆ ಅಳಿಸುತ್ತದೆ ಎಂದು ಅಳೆಯತೊಡಗಿದ. ಆಮೇಲೆ ಗೇ ಲುಸಾಕ್ ಆ ಕೆಲಸವನ್ನು ಮುಂದುವರಿಸಿ, 1824ರ ತನ್ನ ಲೇಖನದಲ್ಲಿ ಬ್ಯುರೆಟ್, ಪಿಪೆಟ್ ಎಂಬ ಹೆಸರುಗಳನ್ನು ಬಳಕೆಗೆ ತಂದ. ಅನಿಲಗಳ ನಿಯಮದಿಂದ ಮಾತ್ರ ಅವನನ್ನು ಬಲ್ಲ ವಿದ್ಯಾರ್ಥಿಗಳಿಗೆ ಇದನ್ನು ಹೇಳಿದಾಗ ಅವರ ಮುಖದಲ್ಲಿ ಕಾಣುವ ಅಚ್ಚರಿ ನೋಡುವಂಥದ್ದು.

ಕೈಗಾರಿಕೆ ಮತ್ತು ವಿಶ್ಲೇಷಣೆ ಒಂದೇ ಪಾತ್ರೆಯಲ್ಲಿ ಬೆರೆಯುವುದಕ್ಕೆ ನನ್ನ ಮೆಚ್ಚಿನ ಉದಾಹರಣೆ ಕೆಲ್‌ಡಾಲ್ ವಿಧಾನ. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯಲ್ಲಿ, ಬಿಯರ್ ತಯಾರಿಕೆಗೆ ಬಳಸುವ ಧಾನ್ಯದ ಪ್ರೋಟೀನನ್ನು ಅಳೆಯುವ ಅಗತ್ಯದಿಂದ, 1883ರಲ್ಲಿ ಯೋಹಾನ್ ಕೆಲ್‌ಡಾಲ್ ಇದನ್ನು ಪ್ರಕಟಿಸಿದ. ಮಾದರಿಯನ್ನು ಸಾಂದ್ರ ಸಲ್ಫ್ಯೂರಿಕ್ ಆಮ್ಲದಲ್ಲಿ ಕುದಿಸಿದರೆ ಪ್ರೋಟೀನಿನ ನೈಟ್ರೋಜನ್ ಅಮೋನಿಯಂ ಸಲ್ಫೇಟ್ ಆಗುತ್ತದೆ. ಪ್ರತ್ಯಾಮ್ಲ ಸೇರಿಸಿ ಅಮೋನಿಯವನ್ನು ಬಟ್ಟಿ ಇಳಿಸಿ, ಟೈಟ್ರೇಷನ್ನಿನಿಂದ ಅಳೆಯುತ್ತಾರೆ. ಹೇಬರ್ ವಿಧಾನದಲ್ಲಿ ಕಬ್ಬಿಣದ ಮೇಲೆ ಸುಮಾರು 200 ವಾತಾವರಣದ ಒತ್ತಡದಲ್ಲಿ ಅಮೋನಿಯವಾಗಿ ಮಾರ್ಪಟ್ಟು, ಗೊಬ್ಬರವಾಗಿ ಮಣ್ಣು ಸೇರುವ ನೈಟ್ರೋಜನ್ ಬೆಳೆಯೊಳಗೆ ಹೊಕ್ಕು, ಕೊನೆಗೆ ಈ ಫ್ಲಾಸ್ಕಿನಲ್ಲಿ ಮತ್ತೆ ಅಮೋನಿಯವಾಗಿ ಹೊರಬರುತ್ತದೆ.

ಪ್ರೋಟೀನಿನಲ್ಲಿ ಸರಾಸರಿ ಶೇಕಡಾ 16 ನೈಟ್ರೋಜನ್ ಇರುವುದರಿಂದ, ಬಂದ ನೈಟ್ರೋಜನ್ನನ್ನು 6.25ರಿಂದ ಗುಣಿಸಿ ಪ್ರೋಟೀನ್ ಎಂದು ಬರೆಯುತ್ತಾರೆ. ಈ ಗುಣಾಕಾರದಲ್ಲಿ ಒಂದು ನಂಬಿಕೆ ಅಡಗಿದೆ: ಇದ್ದ ನೈಟ್ರೋಜನ್ ಎಲ್ಲವೂ ಪ್ರೋಟೀನಿನದೇ ಎಂಬುದು. 2008ರಲ್ಲಿ ಚೀನಾದಲ್ಲಿ ಬಯಲಾದ ಹಾಲಿನ ಕಲಬೆರಕೆ ಇದೇ ನಂಬಿಕೆಯ ಮೇಲೆ ನಡೆದದ್ದು. ಆ ಹಾಲಿಗೆ ಬೆರೆಸಿದ್ದ ಮೆಲಮೀನ್ ಎಂಬ ರಾಸಾಯನಿಕದ ಅಣುವಿನಲ್ಲಿ ಆರು ನೈಟ್ರೋಜನ್ ಪರಮಾಣುಗಳಿವೆ, ತೂಕದಲ್ಲಿ ಅದು 126ಕ್ಕೆ 84, ಅಂದರೆ ಮೂರರಲ್ಲಿ ಎರಡು ಪಾಲು. ಒಂದು ಗ್ರಾಂ ಮೆಲಮೀನ್ ಈ ಲೆಕ್ಕದಲ್ಲಿ ನಾಲ್ಕು ಗ್ರಾಮಿಗಿಂತ ಹೆಚ್ಚು ಪ್ರೋಟೀನಿನ ವೇಷ ಹಾಕುತ್ತದೆ. ನೀರು ಬೆರೆಸಿದ ಹಾಲು ಪರೀಕ್ಷೆಯಲ್ಲಿ ಪಾಸಾಯಿತು, ಎಳೆಯ ಮಕ್ಕಳ ಮೂತ್ರಪಿಂಡಗಳಲ್ಲಿ ಕಲ್ಲುಗಳು ಕಟ್ಟಿಕೊಂಡವು, ಕೆಲವು ಕೂಸುಗಳು ಸತ್ತವು. ಟೈಟ್ರೇಷನ್ ಮಾಡಿದವರು ಹನಿ ತಪ್ಪದೆ ಮಾಡಿದ್ದರೂ ಫಲಿತಾಂಶ ಅದೇ ಬರುತ್ತಿತ್ತು, ಏಕೆಂದರೆ ಬ್ಯುರೆಟ್ ಅಳೆದದ್ದು ಅಮೋನಿಯವನ್ನು, ಪ್ರೋಟೀನನ್ನಲ್ಲ.

ಆದ್ದರಿಂದ ಈಗ ನನ್ನ ವಿದ್ಯಾರ್ಥಿಗಳು ಪ್ರಯೋಗದ ಪುಟದ ಮೇಲ್ತುದಿಯಲ್ಲಿ ಎರಡು ಸಾಲು ಬರೆಯಬೇಕೆಂದು ಹಟ ಹಿಡಿಯುತ್ತೇನೆ: ಫ್ಲಾಸ್ಕಿನಲ್ಲಿ ನಿಜಕ್ಕೂ ವರ್ತಿಸಿದ್ದು ಯಾವುದು, ಉತ್ತರವಾಗಿ ಬರೆಯುತ್ತಿರುವುದು ಯಾವುದು. ಸಲ್ಫ್ಯೂರಿಕ್ ಆಮ್ಲದ ಪ್ರಯೋಗದಲ್ಲಿ ಎರಡೂ ಸಾಲಿನಲ್ಲಿ ಒಂದೇ ಉತ್ತರ ಬರೆದು ಮುಗಿಸುತ್ತಾರೆ. ಮಾದರಿಯಲ್ಲಿ ಒಂದಿಷ್ಟು ಬೇರೆ ಆಮ್ಲ ಬೆರೆತಿದ್ದರೆ ಬಣ್ಣದ ಸೂಚಕವಾದ ಫಿನಾಲ್ಫ್ತಲೀನ್ ಅದನ್ನು ಹೇಗೆ ಗುರುತಿಸೀತು ಎಂದು ಮೊನ್ನೆ ಒಬ್ಬಳು ಕೇಳಿದಳು. ಗುರುತಿಸುವುದಿಲ್ಲ. ಮುಂದಿನ ವಾರ ಬೇರಿಯಂ ಕ್ಲೋರೈಡ್ ಹಾಕಿ ಸಲ್ಫೇಟನ್ನು ಕರಗದ ಪುಡಿಯಾಗಿ ಬೇರ್ಪಡಿಸಿ, ಒಣಗಿಸಿ, ತೂಗಿ ನೋಡುವುದೆಂದು ತೀರ್ಮಾನಿಸಿದ್ದೇವೆ.